ಮುನ್ನೂರು ಮೀಟರಿಗೆ ಎರಡು ಕಾಯಿ

ನಮ್ಮ ಅತ್ತೆ ಬಂದೂಕು ಕಲಿಯಲು ಹೊರಟಾಗ ಅವರಿಗೆ ಅರವತ್ತೆರಡು ವರ್ಷ, ನನಗೆ ಮೂವತ್ತೊಂಬತ್ತು. ನಾನು ಹೊರಟಿದ್ದು ಸ್ಕೂಟರ್ ಓಡಿಸುವುದಕ್ಕೆ ಮಾತ್ರ.

ಮಾವ ತೀರಿಕೊಂಡು ಒಂದು ವರ್ಷವಾಗಿತ್ತು. ಪಂಚನಹಳ್ಳಿ ಕಡೆ ಇರುವ ನಮ್ಮ ತೆಂಗಿನ ತೋಟಕ್ಕೆ ಹಂದಿ ನುಗ್ಗುತ್ತವೆ ಎಂದು ಅವರು ಇಟ್ಟುಕೊಂಡಿದ್ದ ಒಂಟಿನಳಿಗೆ ಬಂದೂಕು ಪೊಲೀಸ್ ಠಾಣೆಯಲ್ಲಿ ಠೇವಣಿ ಇತ್ತು. ಲೈಸೆನ್ಸು ಅತ್ತೆಯ ಹೆಸರಿಗೆ ಆಗಬೇಕಾದರೆ ಅವರು ತರಬೇತಿ ಪಡೆದಿದ್ದಾರೆ ಎಂಬ ಸರ್ಟಿಫಿಕೇಟು ಬೇಕಾಗಿತ್ತು. ಕಡೂರಿನಲ್ಲಿ ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ನಮ್ಮ ಮನೆಯವರಿಗೆ ಇದೆಲ್ಲ ತಲೆನೋವು ಅನ್ನಿಸಿತು.

"ಆ ಬಂದೂಕು ಸರೆಂಡರ್ ಮಾಡ್ಬಿಡಾಣ ಕಣಮ್ಮ. ತೋಟದ ಸುತ್ತ ಸೋಲಾರ್ ಬೇಲಿ ಹಾಕ್ಸಾಣ, ಹಂದಿ ಹತ್ರಾನೂ ಸುಳಿಯಲ್ಲ" ಎಂದರು.

"ಬೇಲಿನೂ ಹಾಕ್ಸು, ಬಂದೂಕೂ ಇರ್ಲಿ" ಎಂದರು ಅತ್ತೆ. "ನಿಮ್ಮಪ್ಪ ಮೂವತ್ತು ವರ್ಷ ಅದನ್ನ ಒರೆಸಿದ್ದೇ ಒರೆಸಿದ್ದು. ಒಂದಿನನಾದ್ರೂ ನನ್ನ ಕೈಗೆ ಕೊಟ್ರಾ?"

ಮುಂದಿನ ಭಾನುವಾರ ಬೆಳಗ್ಗೆ ನಾನು ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಡೂರಿಗೆ ಹೊರಟೆ. ವಾರದ ಉಳಿದ ದಿನ ನನಗೆ ಹಿರೇನಲ್ಲೂರಿನಲ್ಲಿ ಪುಟ್ಟ ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಹಾಕುವುದು ನನ್ನ ಕೆಲಸ. ಜೀವನದಲ್ಲಿ ನಾನು ಗುರಿಯಿಟ್ಟು ಎಸೆದಿದ್ದು ಅಂದರೆ ಮೇಜಿನ ಕೆಳಗಿನ ಕಸದ ಬುಟ್ಟಿಗೆ ಹಾಳಾದ ಕಾಗದ, ಅಷ್ಟೇ.

ತರಬೇತಿ ನಡೆಯುತ್ತಿದ್ದದ್ದು ಊರಾಚೆ, ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿಯಲ್ಲಿ. ಹಿಂದೆ ಎತ್ತರದ ಬಂಡೆಗೋಡೆ, ಅದರ ಮುಂದೆ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಸಾಲಾಗಿ ಗುರಿಯ ಕಾರ್ಡುಗಳು. ಕಲಿಸುವವರು ಅಜ್ಜಂಪುರದ ನಿವೃತ್ತ ಹವಾಲ್ದಾರರು. ಸೈನ್ಯದಲ್ಲಿದ್ದು ನಾಲ್ಕು ಭಾಷೆ ಕಲಿತಿದ್ದರು, ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಬಳಸುತ್ತಿದ್ದರು. ಅತ್ತೆ ಸೀರೆಯ ಮೇಲೆ ಮಾವನ ತುಂಬುತೋಳಿನ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಕಳೆ ಕೀಳಲು ಬಂದವರಂತೆ ತಯಾರಾಗಿದ್ದರು. ನಾನು ಹೆಲ್ಮೆಟ್ ಹಿಡಿದುಕೊಂಡು ಹೊಂಗೆ ಮರದ ಕೆಳಗೆ ನಿಂತಿದ್ದೆ.

"ನೀವ್ಯಾಕೆ ಮೇಡಂ ಸುಮ್ನೆ ನಿಂತಿದೀರಾ?" ಎಂದರು ಹವಾಲ್ದಾರರು. "ಒಂದು ಜಾಗ ಖಾಲಿ ಐತೆ. ಬನ್ನಿ, ಮಲ್ಕೊಳ್ಳಿ."

ಅತ್ತೆಯ ಬಲಪಕ್ಕದ ಟಾರ್ಪಾಲಿನ ಮೇಲೆ ನಾನೂ ಬೋರಲು ಮಲಗಿದೆ. ಕೈಗೆ ಪಾಯಿಂಟ್ ಟೂಟೂ ರೈಫಲ್ ಬಂತು. ಗುಂಡು ಬೆರಳ ತುದಿಯಷ್ಟು, ಸದ್ದು ಹಬ್ಬದ ಪಟಾಕಿಗಿಂತ ಕಡಿಮೆ. ಗುರಿ ಇಪ್ಪತ್ತೈದೇ ಮೀಟರ್ ದೂರ. ಒಬ್ಬೊಬ್ಬರಿಗೆ ಹತ್ತು ಗುಂಡು. ನಾನು ಬಹಳ ಶ್ರದ್ಧೆಯಿಂದ ಹತ್ತನ್ನೂ ಹೊಡೆದೆ. ಆಮೇಲೆ ಎಲ್ಲ ರೈಫಲ್ಲು ಖಾಲಿ ಮಾಡಿಸಿ, ಹವಾಲ್ದಾರರು ಕಾರ್ಡುಗಳನ್ನು ತಂದರು.

ನನ್ನ ಕಾರ್ಡಿನಲ್ಲಿ ಒಂದೂ ತೂತಿರಲಿಲ್ಲ. ಅಂಗಡಿಯಿಂದ ಆಗತಾನೇ ತಂದಂತೆ ಫಳಫಳ ಹೊಳೆಯುತ್ತಿತ್ತು. ಅವರು ಅತ್ತೆಯ ಕಾರ್ಡನ್ನು ಎರಡು ಸಲ ಎಣಿಸಿದರು.

"ಅಮ್ಮಾ, ನಿಮ್ಗೆ ಎಷ್ಟು ಗುಂಡು ಕೊಟ್ಟಿದ್ದೆ?"

"ಹತ್ತು."

"ಹದಿಮೂರು ತೂತು ಐತಲ್ಲಮ್ಮಾ ಇಲ್ಲಿ!"

ಅತ್ತೆ ಕಾರ್ಡು ನೋಡಿದರು, ನನ್ನ ಮುಖ ನೋಡಿದರು. "ಲೇ, ನಿಂದು ಬಿಟ್ಟು ನನ್ನ ಕಾರ್ಡಿಗೆ ಯಾಕೇ ಹೊಡ್ದೆ?"

ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು. ಅತ್ತೆಗೂ ಬಂತು. ಇಬ್ಬರೂ ಟಾರ್ಪಾಲಿನ ಮೇಲೆ ಮಲಗಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ವಾಪಸು ಬರುವಾಗ ನನ್ನ ತಲೆಯಲ್ಲಿ ಒಂದೇ ಕೊರೆತ. ಮೂರು ಗುಂಡು ಅತ್ತೆಯ ಕಾರ್ಡಿಗೆ ಹೋದವು, ಸರಿ. ಉಳಿದ ಏಳು ಎಲ್ಲಿ ಹೋದವು?

ಮುಂದಿನ ಮೂರು ಭಾನುವಾರವೂ ಇದೇ ಕತೆ. ನನ್ನ ಗುಂಡೆಲ್ಲ ಎಡಕ್ಕೆ. ಹವಾಲ್ದಾರರು ನನ್ನ ಮೊಣಕೈ ಸರಿಪಡಿಸಿದರು, ಕೆನ್ನೆ ಇಡುವ ಜಾಗ ತೋರಿಸಿದರು, ಉಸಿರು ಅರ್ಧ ಬಿಟ್ಟು ನಿಲ್ಲಿಸುವುದನ್ನು ಕಲಿಸಿದರು, ಬೆರಳಿನಿಂದ ಬಂದೂಕಿನ ಕುದುರೆ ಎಳೆಯುವುದಲ್ಲ, ಹಿಂಡುವುದು ಎಂದರು. ಎರಡೂ ಕಣ್ಣು ತೆರೆದಿಟ್ಟುಕೊಳ್ಳಿ, ಒಂದನ್ನು ಮುಚ್ಚಿದರೆ ಮುಖವೆಲ್ಲ ಬಿಗಿಯುತ್ತದೆ ಎಂದರು. ಎಲ್ಲ ಮಾಡಿದೆ. ಎಡಕ್ಕೇ ಹೋಯಿತು. ಅತ್ತೆಯನ್ನು ಬಿಟ್ಟರೆ ನನ್ನ ಎಡಪಕ್ಕದಲ್ಲಿ ಯಾರೂ ಮಲಗಲು ಒಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಜಗುಲಿಯಲ್ಲಿ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದೆ. ಅತ್ತೆ ಎದುರಿಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನೇ ನೋಡತೊಡಗಿದರು.

"ಲೇ, ಇನ್ನೊಂದ್ಸಲ ದಾರ ಪೋಣಿಸು."

ಪೋಣಿಸಿದೆ.

"ನೋಡು, ಬಲಗಣ್ಣು ಮುಚ್ಚಿ ಎಡಗಣ್ಣಲ್ಲೇ ನೋಡ್ತೀಯ. ಬಂದೂಕು ಹಿಡಿದಾಗ ಎರಡೂ ತೆಕ್ಕೊಂಡಿರ್ತೀಯಲ್ಲ, ಆವಾಗ ಯಾವ್ದು ನೋಡ್ತೈತೆ?"

ನನಗೆ ಗೊತ್ತಿರಲಿಲ್ಲ. ಭಾನುವಾರ ಹವಾಲ್ದಾರರಿಗೆ ಹೇಳಿದಾಗ ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು ನನ್ನೆದುರು ನಿಂತರು. ನನಗೆ ಎರಡು ಕೈ ಚಾಚಿ ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ ಅದರೊಳಗಿಂದ ತಮ್ಮ ಮೂಗು ನೋಡಲು ಹೇಳಿದರು. ನೋಡಿದೆ. ಕಿಂಡಿಯಲ್ಲಿ ಅವರಿಗೆ ಕಂಡದ್ದು ನನ್ನ ಎಡಗಣ್ಣು. ಅವರು ತಲೆಯ ಮೇಲೆ ಕೈ ಹೊತ್ತರು.

"ಅರೇ ಬಾಪ್ ರೇ! ಮೇಡಂದು ಎಡಗಣ್ಣೇ ಯಜಮಾನ! ನಾಲ್ಕು ವಾರದಿಂದ ನಾನು ಬೇರೆ ಕಣ್ಣಿಗೆ ಪಾಠ ಹೇಳ್ತಿದೀನಿ!"

ವಿಷಯ ಇಷ್ಟೇ. ರೈಫಲ್ಲು ನನ್ನ ಬಲಗಣ್ಣಿನ ಮುಂದೆ, ಗುರಿ ನೋಡುತ್ತಿದ್ದದ್ದು ಎಡಗಣ್ಣು. ಎಡಭುಜಕ್ಕೆ ಬದಲಿಸಬಹುದು, ಆದರೆ ಗುಂಡು ತುಂಬುವ ಹಿಡಿ ಬಲಕ್ಕಿದೆ, ಒದ್ದಾಟವಾಗುತ್ತದೆ ಎಂದರು. ಇಲ್ಲವೇ ಎಡಗಣ್ಣಿಗೆ ಗುರಿ ಕಾಣದ ಹಾಗೆ ಮಾಡಬೇಕು, ಕನ್ನಡಕಕ್ಕೆ ಚೂರು ಟೇಪು ಹಚ್ಚಬೇಕು. ಟೇಪು ಹುಡುಕಲು ಅವರು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ನನ್ನ ಹಣೆಯ ಸ್ಟಿಕ್ಕರ್ ಬೊಟ್ಟನ್ನು ಪಟ್ಟನೆ ಕಿತ್ತು ನನ್ನ ಕನ್ನಡಕದ ಎಡಗಾಜಿನ ನಟ್ಟನಡುವೆ ಅಂಟಿಸಿಬಿಟ್ಟರು.

"ಈಗ ಹೊಡಿ."

ಮಲಗಿದೆ. ಎಡಗಡೆ ಕಂದು ಬಣ್ಣದ ಒಂದು ಚಂದ್ರ, ಬಲಗಡೆ ಕಪ್ಪು ವೃತ್ತ, ಅದರ ಕೆಳಗೆ ನಳಿಗೆಯ ತುದಿಯ ಗುರಿಮುಳ್ಳು. ಉಸಿರು ಬಿಟ್ಟು ನಿಲ್ಲಿಸಿ ಹಿಂಡಿದೆ. ಹತ್ತೂ ಗುಂಡು ಕಾರ್ಡಿನಲ್ಲಿ. ಆರು ಕಪ್ಪಿನೊಳಗೆ! ನಾನು ಕಿರುಚಿಕೊಂಡು ಎದ್ದು ನಿಂತುಬಿಟ್ಟೆ. ಫೈರಿಂಗ್ ಸಾಲಿನಲ್ಲಿ ಅಪ್ಪಣೆಯಿಲ್ಲದೆ ಎದ್ದಿದ್ದಕ್ಕೆ ಹವಾಲ್ದಾರರು ನಾಲ್ಕೂ ಭಾಷೆಯಲ್ಲಿ ಬೈದರು. ನಾನು ಕೈಕಟ್ಟಿ ನಿಂತು ಬೈಸಿಕೊಂಡೆ. ಮುಖದ ಮೇಲಿನ ನಗು ಮಾತ್ರ ಇಳಿಯಲಿಲ್ಲ. ಆ ಸಂಜೆ ಬೊಟ್ಟಿಲ್ಲದ ಹಣೆಯಲ್ಲಿ, ಬೊಟ್ಟಿಟ್ಟ ಕನ್ನಡಕದಲ್ಲಿ ಕಡೂರು ಪೇಟೆಯಲ್ಲೆಲ್ಲ ತಿರುಗಿ ತರಕಾರಿ ಕೊಂಡಿದ್ದೇನೆ. ಮನೆಗೆ ಬಂದ ಮೇಲೆಯೇ ನನಗೆ ತಿಳಿದದ್ದು.

ತರಬೇತಿ ಮುಗಿಯಿತು. ಅತ್ತೆಗೆ ಸರ್ಟಿಫಿಕೇಟು ಬಂತು, ಕೆಲವು ತಿಂಗಳಿಗೆ ಲೈಸೆನ್ಸೂ ಬಂತು, ಬಂದೂಕು ಮನೆಗೆ ಬಂತು. ಅತ್ತೆ ಅದನ್ನು ಒಂದು ಸಲ ಒರೆಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಷ್ಟರಲ್ಲಿ ಸೋಲಾರ್ ಬೇಲಿಯೂ ಬಂದಿತ್ತು, ಹಂದಿಗಳು ಬೇರೆ ದಾರಿ ಹಿಡಿದಿದ್ದವು. ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಭಾನುವಾರ ಬಂದರೆ ನಮ್ಮಿಬ್ಬರಿಗೂ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಅತ್ತೆ ಸುಮ್ಮನೆ ಗೇಟಿನವರೆಗೆ ಹೋಗಿ ಬರುವರು. ನಾನು ಸ್ಕೂಟರ್ ಒರೆಸುವೆ.

ಆ ಹೊತ್ತಿಗೆ ಹವಾಲ್ದಾರರ ಫೋನು ಬಂತು. ತರೀಕೆರೆಯಿಂದ ಲಕ್ಕವಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ಗುಡ್ಡದ ಬುಡದಲ್ಲಿ ದೂರದ ಗುರಿಯ ಮೈದಾನವಿದೆ. ಅವರಿಗೆ ಗೊತ್ತಿರುವ ರೈಫಲ್ ಕ್ಲಬ್ಬಿನವರು ಚಳಿಗಾಲದಲ್ಲಿ ಅಲ್ಲಿ ಜೋಡಿ ಪಂದ್ಯ ಇಟ್ಟಿದ್ದಾರೆ. ಒಬ್ಬರು ಹೊಡೆಯುವುದು, ಇನ್ನೊಬ್ಬರು ಪಕ್ಕದಲ್ಲಿ ಮಲಗಿ ಗಾಳಿ ನೋಡಿ ಹೇಳುವುದು. ಮುನ್ನೂರು ಮೀಟರ್. ಟೂಟೂಗಿಂತ ದೊಡ್ಡ ಗುಂಡಿನ ತ್ರೀ ಫಿಫ್ಟೀನ್ ರೈಫಲ್.

"ಮುನ್ನೂರು ಮೀಟರ್ ಅಂದ್ರೆ ಎಷ್ಟ್ ದೂರಾನೇ?" ಎಂದು ಅತ್ತೆ ನನ್ನನ್ನು ಕೇಳಿದರು.

"ನಮ್ಮ ಬಾವಿಯಿಂದ ತೋಟದ ಆ ಕೊನೆ ಬೇಲಿವರೆಗೆ."

"ಅಲ್ಲಿರೋ ಎಮ್ಮೆನೇ ನಂಗೆ ಕಾಣಲ್ಲ" ಎಂದರು ಅತ್ತೆ. ಫೋನನ್ನು ನನ್ನ ಕಡೆ ತಳ್ಳಿ, "ಬತ್ತೀವಿ ಅಂತ ಹೇಳು" ಎಂದರು.

ಕ್ಲಬ್ಬಿನ ರೈಫಲ್ಲು ಕೈಗೆ ಸಿಗುವುದು ತಿಂಗಳಿಗೆ ಎರಡು ಭಾನುವಾರ. ಉಳಿದ ದಿನ ಮನೆಯಲ್ಲಿ ಒಣ ಅಭ್ಯಾಸ ಮಾಡಬೇಕು ಎಂದು ಹವಾಲ್ದಾರರು ಹೇಳಿದರು. ನಮ್ಮ ಮನೆಯವರು ಮೊದಲು ನಕ್ಕರು, ಆಮೇಲೆ ಯಾರೂ ಕೇಳದೆಯೇ ಅಂಗಡಿಯಲ್ಲಿ ಒಂದು ಪಿವಿಸಿ ಪೈಪಿಗೆ ಮರಳು ತುಂಬಿ, ಎರಡೂ ತುದಿ ಮುಚ್ಚಿ, ಹಿಂದೆ ಭುಜಕ್ಕೆ ಆನಿಸಲು ಹಲಗೆಯ ದಸ್ತಾ ಜೋಡಿಸಿ, ಮೋಟರ್ ಸ್ಟಾರ್ಟರಿನ ಸ್ಪ್ರಿಂಗಿನಿಂದ ಕುದುರೆ ಮಾಡಿ ತಂದರು. ಹಿಂಡಿದರೆ ಟಕ್ ಅನ್ನುತ್ತಿತ್ತು. ನಾನು ಅಂಗಳದಲ್ಲಿ ಚಾಪೆ ಹಾಸಿ ಮಲಗುವುದು, ಅತ್ತೆ ಪೈಪಿನ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಡುವುದು, ನಾನು ನಾಣ್ಯ ಬೀಳದಂತೆ ಟಕ್ ಅನ್ನಿಸುವುದು. ಮೊದಲ ವಾರ ನಾಣ್ಯ ನಿಂತದ್ದೇ ಇಲ್ಲ. ಎರಡನೇ ವಾರ ಹತ್ತರಲ್ಲಿ ನಾಲ್ಕು ಸಲ ನಿಂತಿತು.

ಒಂದು ಬೆಳಗ್ಗೆ ಹೀಗೆ ಮಲಗಿದ್ದಾಗ ಕರೆಂಟು ಮೀಟರ್ ಓದುವವರು ಗೇಟು ತೆರೆದರು. ಪೈಪಿನ ತುದಿ ನೇರ ಅವರ ಕಡೆಗಿತ್ತು. ಅವರು ಬಿಲ್ಲಿನ ಯಂತ್ರ ಸಮೇತ ಎರಡೂ ಕೈ ಮೇಲೆತ್ತಿದರು.

"ಬಿಲ್ ಕಮ್ಮಿನೇ ಬಂದೈತೆ ಕಣ್ರಮ್ಮಾ!" ಎಂದರು.

ಆ ದಿನ ಅಭ್ಯಾಸ ಮುಂದುವರಿಯಲಿಲ್ಲ. ಪೈಪು ಎತ್ತಿದರೆ ಸಾಕು, ಅತ್ತೆ ಸೆರಗು ಬಾಯಿಗೆ ಒತ್ತಿಕೊಳ್ಳುವರು. ನಗುವುದಕ್ಕೂ ಗುರಿಗೂ ಆಗಿಬರುವುದಿಲ್ಲ ಎಂಬ ಪಾಠ ನನಗೆ ಆದದ್ದು ಅಂದು. ನಗು ಉಸಿರನ್ನು ಹರಿದು ಚಿಂದಿ ಮಾಡುತ್ತದೆ. ನಿಂತ ಮೇಲೂ ಹತ್ತು ನಿಮಿಷ ಹೊಟ್ಟೆಯ ಒಳಗೆಲ್ಲೋ ನಡುಗುತ್ತಲೇ ಇರುತ್ತದೆ.

ನಿಜವಾದ ತ್ರೀ ಫಿಫ್ಟೀನ್ ರೈಫಲ್ಲನ್ನು ಮೊದಲು ಹಿಡಿದದ್ದು ಅತ್ತೆ. ಗುರಿ ಹಿಡಿದರು, ಹಿಂಡಿದರು. ಗುಡ್ಡವೆಲ್ಲ ಗುಡುಗಿತು. ಅತ್ತೆ ರೈಫಲ್ಲನ್ನು ಮೆಲ್ಲಗೆ ಕೆಳಗಿಟ್ಟು, ಭುಜ ಸವರಿಕೊಂಡು, "ಎಮ್ಮೆ ಒದ್ದಂಗಾಯ್ತು. ನಂಗೆ ಗಾಳಿನೇ ಸಾಕು, ನೀನೇ ಹೊಡ್ಕೊ" ಎಂದರು. ಯಾರು ಏನು ಮಾಡಬೇಕು ಎಂಬುದು ಹೀಗೆ ತೀರ್ಮಾನವಾಯಿತು.

ನನಗೂ ಒದೆ ಬಿತ್ತು. ಐದನೇ ಗುಂಡಿನಿಂದಾಚೆ ನನ್ನ ಹೊಡೆತಗಳೆಲ್ಲ ಕೆಳಗಿಳಿದು ಗುರಿಯ ಮುಂದಿನ ಮಣ್ಣಿಗೆ ಬೀಳತೊಡಗಿದವು. "ನಾನು ಅಲ್ಲಾಡ್ತಾ ಇಲ್ಲ ಸರ್" ಎಂದು ವಾದಿಸಿದೆ. ಹವಾಲ್ದಾರರು "ಹೌದಾ?" ಎಂದು, ಮುಂದಿನ ಗುಂಡನ್ನು ತಾವೇ ತುಂಬಿ ಕೊಟ್ಟರು. ನಾನು ಉಸಿರು ನಿಲ್ಲಿಸಿ ಹಿಂಡಿದೆ. ಟಿಕ್ ಅಂತ ಸಣ್ಣ ಸದ್ದು, ಅಷ್ಟೇ. ಅವರು ತುಂಬಿದ್ದು ಮದ್ದಿಲ್ಲದ ಖಾಲಿ ತೋಟಾ. ಆದರೂ ನನ್ನ ಭುಜ ಮುಂದಕ್ಕೆ ನುಗ್ಗಿತ್ತು, ಎರಡೂ ಕಣ್ಣು ಮುಚ್ಚಿತ್ತು, ನಳಿಗೆ ನೆಲ ನೋಡುತ್ತಿತ್ತು.

"ಲೇ, ಗುಂಡೇ ಹಾರ್ಲಿಲ್ಲ, ನೀನ್ಯಾಕೇ ಹಾರ್ದೆ?" ಎಂದರು ಅತ್ತೆ.

ಅದಾದ ಮೇಲೆ ಯಾವುದು ಖಾಲಿ, ಯಾವುದು ತುಂಬಿದ್ದು ಎಂದು ಹೇಳದೆ ಹವಾಲ್ದಾರರು ಬೆರೆಸಿ ಬೆರೆಸಿ ಕೊಟ್ಟರು. ಒದೆಗೆ ಹೆದರಿ ಮೊದಲೇ ಮೈ ಬಿಗಿಯುವ ಚಾಳಿ ಬಿಡಲು ನನಗೆ ಮೂರು ಭಾನುವಾರ ಹಿಡಿಯಿತು. ಇನ್ನೊಂದನ್ನೂ ಕಲಿಸಿದರು. ಗುರಿ ಹಿಡಿದು ಕಣ್ಣು ಮುಚ್ಚಬೇಕು, ಒಂದು ಉಸಿರು ಬಿಟ್ಟು ಕಣ್ಣು ತೆರೆಯಬೇಕು. ಮುಳ್ಳು ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ತರಬಾರದು. ಮಲಗಿರುವ ಹೊಟ್ಟೆಯನ್ನೇ ಸರಿಸಬೇಕು. ದಿನವಿಡೀ ಅಂಗಡಿಯಲ್ಲಿ ಕೂರುವ ನನ್ನಂಥವಳಿಗೆ ಅದು ಸಾಮಾನ್ಯ ಕೆಲಸವಲ್ಲ. ಆದರೆ ಹೊಟ್ಟೆ ಸರಿದ ದಿನದಿಂದ ನನ್ನ ಗುಂಡುಗಳು ಒಂದರ ಪಕ್ಕ ಒಂದು ಹೋಗಿ ಬೀಳತೊಡಗಿದವು. ಪ್ರತಿ ಹೊಡೆತಕ್ಕೂ, ಫಲಿತಾಂಶ ನೋಡುವ ಮೊದಲೇ, ಎಲ್ಲಿ ಬಿದ್ದಿರಬಹುದೆಂದು ನೋಟ್ ಪುಸ್ತಕದಲ್ಲಿ ಚುಕ್ಕಿ ಇಡುತ್ತಿದ್ದೆ. ನಿಜವಾದ ತೂತು ನನ್ನ ಚುಕ್ಕಿಯ ಹತ್ತಿರ ಬಂದ ದಿನ ಆಗುವ ಸಂತೋಷ ಹೇಳತೀರದು. ಅಂಗಡಿಗೆ ಬಂದವರಿಗೆಲ್ಲ ಆ ಪುಸ್ತಕ ತೋರಿಸುತ್ತಿದ್ದೆ. ಪಹಣಿಗೆ ಬಂದವರು, "ಮೇಡಂ, ನಮ್ಮ ಸರ್ವೆ ನಂಬರ್ ಹೊಡೀರಿ, ಆಮೇಲೆ ಗುಂಡು ಹೊಡೀರಂತೆ" ಎನ್ನುವರು.

ಗಾಳಿಯ ಪಾಠ ಅಜ್ಜಂಪುರದ ಕಾವಲಿನಲ್ಲಿ ನಡೆಯಿತು. ದನ ಮೇಯುವ ಬಯಲು, ಕಣ್ಣು ಹಾಯುವವರೆಗೆ ಹುಲ್ಲು. ರೈಫಲ್ಲಿಲ್ಲ, ಬರೀ ಗಾಳಿ. ಹವಾಲ್ದಾರರು ದೂರದೂರಕ್ಕೆ ಮೂರು ಕೋಲು ನೆಟ್ಟು ಬಟ್ಟೆಯ ಚೂರು ಕಟ್ಟಿದರು. ಮುನ್ನೂರು ಮೀಟರ್ ಹೋಗುವಷ್ಟರಲ್ಲಿ ಗುಂಡನ್ನು ಗಾಳಿ ಎಷ್ಟು ತಳ್ಳುತ್ತದೆ ಎಂಬುದಕ್ಕೆ ಏನೇನೋ ಲೆಕ್ಕ ಹೇಳಿದರು. ಅತ್ತೆ ಕೇಳಿಸಿಕೊಳ್ಳಲಿಲ್ಲ. ನಲವತ್ತು ವರ್ಷ ಕಣದಲ್ಲಿ ನಿಂತು ರಾಗಿ ತೂರಿದವರು ಅವರು. ಮೊರ ಎತ್ತುವ ಮೊದಲೇ ಗಾಳಿ ಬರುವುದು ಅವರಿಗೆ ಗೊತ್ತಾಗುತ್ತಿತ್ತು.

"ಇಲ್ಲಿ ಬೀಸೋದು ಬೇರೆ, ಅಲ್ಲಿ ನಡುಮಧ್ಯ ಹುಲ್ಲು ನೋಡು, ಅಲ್ಲಿ ಬೀಸೋದು ಬೇರೆ" ಎಂದು ಬೆರಳು ತೋರಿಸಿದರು. ಬಿಸಿಲೇರಿದ ಮೇಲೆ ಕ್ಲಬ್ಬಿನ ದುರ್ಬೀನು ಕಣ್ಣಿಗಿಟ್ಟುಕೊಂಡು, "ಬಿಸಿಲ್ಗುದುರೆ ಬಲಕ್ಕೆ ಓಡ್ತಾ ಐತೆ. ಈಗ ನಿಧಾನ ಮಾಡ್ತು. ಈಗ ನಿಂತ್ಕೊಂಡು ಕುಣೀತಾ ಐತೆ" ಎಂದು ವರದಿ ಕೊಟ್ಟರು. ಹವಾಲ್ದಾರರು ಬಟ್ಟೆ ಚೂರು ನೋಡಿದರು, ಅತ್ತೆಯನ್ನು ನೋಡಿದರು. ಕೋಲುಗಳನ್ನು ಕಿತ್ತು ಚೀಲಕ್ಕೆ ಹಾಕಿಕೊಂಡರು.

ತೊಂದರೆ ಇದ್ದದ್ದು ಅಳತೆಯಲ್ಲಿ. ಎಷ್ಟು ಪಕ್ಕಕ್ಕೆ ಹಿಡಿಯಬೇಕೆಂದು ಅತ್ತೆ ಹೇಳಬೇಕು. ಸೆಂಟಿಮೀಟರು ಅವರಿಗೆ ಬಾರದು, ಗುರಿಯನ್ನು ಪಕ್ಕಕ್ಕೆ ಸರಿಸುವ ರೈಫಲ್ಲಿನ ತಿರುಪಿನ ಕ್ಲಿಕ್ಕುಗಳನ್ನು ಎಣಿಸಲು ಅವರು ಒಪ್ಪರು. ಕೊನೆಗೆ ಅವರೇ, "ಕಾಯಿ ಲೆಕ್ಕದಲ್ಲಿ ಹೇಳ್ತೀನಿ" ಎಂದರು. ಒಂದು ತೆಂಗಿನಕಾಯಿಯ ಅಗಲ. ಮನೆಯಲ್ಲಿ ಒಂದು ಸುಲಿದ ಕಾಯಿಗೆ ಟೇಪು ಹಿಡಿದು ಅಳೆದೆ, ಒಂದು ಕಾಯಿಗೆ ಎಷ್ಟು ಕ್ಲಿಕ್ಕು ಎಂದು ಮೈದಾನದಲ್ಲಿ ಹೊಡೆದು ನೋಡಿ ಪುಸ್ತಕದಲ್ಲಿ ಬರೆದುಕೊಂಡೆ. ಅರ್ಧ ಕಾಯಿ, ಒಂದು ಕಾಯಿ, ಒಂದೂವರೆ ಕಾಯಿ. ಅಚ್ಚುಕಟ್ಟಾಗಿ ನಡೆಯಿತು. ಹವಾಲ್ದಾರರು ಮೊದಲು ಮುಖ ಸಿಂಡರಿಸಿದರು, ನಾಲ್ಕನೇ ಭಾನುವಾರ ಅವರೇ, "ಅಮ್ಮಾ, ಈಗ ಎಷ್ಟು ಕಾಯಿ?" ಎಂದು ಕೇಳತೊಡಗಿದರು.

ಪಂದ್ಯದ ದಿನ ಸ್ಕೂಟರನ್ನು ಕಡೂರಿನ ಅಂಗಡಿಯಲ್ಲಿ ಬಿಟ್ಟು ಮೊದಲ ಬಸ್ಸಿಗೆ ತರೀಕೆರೆಗೆ ಹೋದೆವು, ಅಲ್ಲಿಂದ ಆಟೋ. ಎದೆ ಬಡಿತ ಜೋರಾಗುತ್ತದೆಂದು ಹವಾಲ್ದಾರರು ಇಬ್ಬರಿಗೂ ಕಾಫಿ ನಿಷೇಧಿಸಿದ್ದರು. ಕಾಫಿಯಿಲ್ಲದೆ ಅತ್ತೆ ಬಸ್ಸಿನಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಮೈದಾನದಲ್ಲಿ ಹನ್ನೊಂದು ಜೋಡಿ. ಗಂಡಸರೆಲ್ಲ ದಪ್ಪ ಜಾಕೆಟ್ಟು, ಕೈಗವಸು, ಕ್ಯಾಪು. ನನ್ನ ಕನ್ನಡಕದ ಮೇಲಿನ ಬೊಟ್ಟನ್ನೂ ಅತ್ತೆಯ ಅಂಗಿಯನ್ನೂ ಅವರು ನೋಡಿದರು. ಒಬ್ಬರು ತಮ್ಮ ಚಾಪೆಯನ್ನು ಸ್ವಲ್ಪ ದೂರ ಎಳೆದುಕೊಂಡರು.

ಮೊರದಗಲದ ಕಪ್ಪು ವೃತ್ತ ಮುನ್ನೂರು ಮೀಟರಿನಿಂದ ಮೆಣಸಿನ ಕಾಳಿನಂತೆ ಕಾಣುತ್ತದೆ. ಮೊದಲ ಎರಡು ಗುಂಡು ಲೆಕ್ಕಕ್ಕಿಲ್ಲ, ನೋಡಿಕೊಳ್ಳುವುದಕ್ಕೆ. ಎರಡೂ ಕಪ್ಪಿನಲ್ಲಿ ಬಿದ್ದವು. ಆಮೇಲೆ ಹತ್ತು ಗುಂಡು, ಹದಿನೈದು ನಿಮಿಷ. ಸೀಟಿ ಊದುತ್ತಿದ್ದಂತೆ ಗುಡ್ಡದ ಸಂದಿನಿಂದ, ನಮ್ಮ ಎಡಗಡೆಯಿಂದ, ಗಾಳಿ ಸುಯ್ಯೆಂದು ಇಳಿಯಿತು.

"ಎರಡು ಕಾಯಿ ಎಡಕ್ಕೆ" ಎಂದರು ಅತ್ತೆ.

ಕ್ಲಿಕ್ಕು ತಿರುಗಿಸಿ, ಉಸಿರು ನಿಲ್ಲಿಸಿ ಹಿಂಡಿದೆ. ಗುರಿಯ ಕೆಳಗಿನ ಹಳ್ಳದಲ್ಲಿ ಕೂತವರು ಕೋಲಿನ ತುದಿಯ ತಟ್ಟೆ ಎತ್ತಿ ಗುಂಡು ಬಿದ್ದ ಜಾಗ ತೋರಿಸಿದರು. ಬಲಕ್ಕೆ, ಕಪ್ಪಿನಿಂದಾಚೆ.

"ಏನೇ ಇದು? ಎರಡು ಕಾಯಿ ಹಾಕ್ದಾ?"

"ಎರಡೇ ಹಾಕಿದೀನಿ ಅತ್ತೆ."

"ಎಂಥ ಕಾಯಿ ಹಾಕ್ದೆ?"

"ಸುಲಿದಿದ್ದು."

"ಅಯ್ಯೋ ನಿನ್ನ! ಇಂಥ ಗಾಳಿಗೆ ಯಾರಾದ್ರೂ ಸುಲಿದ ಕಾಯಿ ಹಾಕ್ತಾರಾ? ನಾನು ಹೇಳಿದ್ದು ಮಟ್ಟೆ ಸಮೇತ!"

ಮುಗಿಯಿತು. ಮೊದಲು ನನ್ನ ಹೊಟ್ಟೆ ನಡುಗಿತು, ಆಮೇಲೆ ಭುಜ, ಆಮೇಲೆ ರೈಫಲ್ಲು. ಬೆರಳನ್ನು ಕುದುರೆಯಿಂದ ತೆಗೆದು ಹಣೆಯನ್ನು ಚಾಪೆಗೆ ಒತ್ತಿಕೊಂಡೆ. ಪಕ್ಕದಲ್ಲಿ ಅತ್ತೆ ದುರ್ಬೀನು ಕೆಳಗಿಟ್ಟು ಅಂಗಿಯ ತೋಳು ಕಚ್ಚಿಕೊಂಡಿದ್ದರು. ಮೈದಾನದ ಅಧಿಕಾರಿ, "ಆರನೇ ಜೋಡಿ, ಏನಾದರೂ ತೊಂದರೆಯೇ?" ಎಂದು ಕೇಳಿದರು. ಉತ್ತರ ಕೊಡಲು ಬಾಯಿ ತೆರೆದರೆ ಕಿಸಕ್ಕೆಂದು ಸದ್ದು ಬಂತು. ಹಿಂದೆ ನಿಂತಿದ್ದ ಹವಾಲ್ದಾರರಿಗೆ ಮಾತಾಡುವ ಹಾಗಿಲ್ಲ. ತಿರುಗಿ ನೋಡಿದರೆ ಅವರು ನಮಗೆ ಬೆನ್ನು ಹಾಕಿ ಗುಡ್ಡ ನೋಡುತ್ತಿದ್ದರು, ಅವರ ಭುಜವೂ ಕುಣಿಯುತ್ತಿತ್ತು. ನಾಲ್ಕು ನಿಮಿಷ ಹೀಗೇ ಹೋಯಿತು.

ಅತ್ತೆಯೇ ಮೊದಲು ಸುಧಾರಿಸಿಕೊಂಡರು. ನನ್ನ ಕಿವಿಗೆ ಬಾಗಿ, "ಅಂಗಡೀಲಿ ಇಪ್ಪತ್ತು ಜನ ನಿಂತವ್ರೆ. ಅರ್ಜಿಗೆ ಕೊನೇ ದಿನ. ಸರ್ವರ್ ಡೌನ್ ಆಗೈತೆ ಅನ್ಕೊ" ಎಂದರು.

ನನ್ನ ನಗು ನಿಂತುಹೋಯಿತು. ಮೈಯೆಲ್ಲ ತಣ್ಣಗಾಯಿತು. ಅಷ್ಟು ಗಂಭೀರವಾಗಿ ನಾನು ಎಂದೂ ಬಂದೂಕು ಹಿಡಿದಿರಲಿಲ್ಲ.

ಅಲ್ಲಿಂದ ಮುಂದಿನದೆಲ್ಲ ನನಗೆ ತುಣುಕು ತುಣುಕಾಗಿ ನೆನಪಿದೆ. "ಮಟ್ಟೆಕಾಯಿ ಒಂದೂವರೆ" ಎನ್ನುವ ಪಿಸುಮಾತು. ಕಣ್ಣು ಮುಚ್ಚಿ ತೆರೆಯುವುದು, ಹೊಟ್ಟೆ ಸರಿಸುವುದು. ಗುಡುಗು. ತಟ್ಟೆ ಏರುವುದು. ಕಪ್ಪಿನಲ್ಲಿ. "ಈಗ ಒಂದೇ. ಬೇಗ, ಬೇಗ, ಬಿಟ್ಬಿಡು." ಮತ್ತೆ ಕಪ್ಪಿನಲ್ಲಿ. ಒಂದು ಮಾತ್ರ ಮೇಲಕ್ಕೆ ಹೋಯಿತು. ಅದು ಹೊರಡುವಾಗಲೇ ನನಗೆ ಗೊತ್ತಾಗಿತ್ತು, "ಇದು ಮೇಲೆ" ಎಂದು ನಾನೇ ಅಂದೆ. ಎಂಟನೆಯದು, ಒಂಬತ್ತನೆಯದು. ಕೊನೆಯ ಗುಂಡು ತುಂಬಿದಾಗ ಒಂದೂವರೆ ನಿಮಿಷ ಉಳಿದಿತ್ತು. ಗುರಿ ಹಿಡಿದೆ. ಅತ್ತೆ ನನ್ನ ಮೊಣಕೈ ಮುಟ್ಟಿದರು.

"ತಡಿ."

ಕಾದೆ. ಅಕ್ಕಪಕ್ಕದವರೆಲ್ಲ ಮುಗಿಸಿ ರೈಫಲ್ಲು ಕೆಳಗಿಟ್ಟಿದ್ದರು.

"ತಡಿ, ಇನ್ನೂ ತಡಿ. ಬಿಸಿಲ್ಗುದುರೆ ಸುಸ್ತಾಗ್ತಾ ಐತೆ."

ಹಿಂದೆ ಹವಾಲ್ದಾರರು ಕಾಲು ಬದಲಿಸಿ ಬದಲಿಸಿ ನಿಲ್ಲುವ ಬೂಟಿನ ಸದ್ದು. ಕೈಗಡಿಯಾರ ನೋಡುವ ಧೈರ್ಯ ನನಗಿರಲಿಲ್ಲ.

"ನಿಂತ್ಕೊಳ್ತು. ಕಾಯಿ ಬೇಡ, ಏನೂ ಬೇಡ. ನೆಟ್ಟಗೆ ಬಿಡು."

ತಿರುಪನ್ನು ಸೊನ್ನೆಗೆ ತಂದೆ. ಉಸಿರು ಅರ್ಧ ಹೋಯಿತು, ನಿಂತಿತು. ಮುಳ್ಳಿನ ತುದಿಯಲ್ಲಿ ಮೆಣಸಿನ ಕಾಳು ಅಲ್ಲಾಡದೆ ಕೂತಿತ್ತು. ಬೆರಳು ಯಾವಾಗ ಹಿಂಡಿತೋ ನನಗೇ ತಿಳಿಯಲಿಲ್ಲ. ಭುಜಕ್ಕೆ ಒದೆ ಬಿದ್ದಾಗಲೇ ಗೊತ್ತಾದದ್ದು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಳ್ಳದಿಂದ ತಟ್ಟೆ ಮೆಲ್ಲಗೆ ಏರಿ, ಕಪ್ಪಿನ ನಟ್ಟನಡುವೆ ನಿಂತು, ಅಲ್ಲೇ ಎರಡು ಸಲ ಅಲ್ಲಾಡಿತು.

ಅತ್ತೆ ನನ್ನ ಬೆನ್ನಿಗೆ ಗುದ್ದಿದ ಗುದ್ದು ತ್ರೀ ಫಿಫ್ಟೀನ್ ಒದೆಗಿಂತ ಜೋರಾಗಿತ್ತು.

ನಮಗೆ ನಾಲ್ಕನೇ ಸ್ಥಾನ ಬಂತು. ಮೊದಲ ಮೂರು ಜೋಡಿಗೆ ಶೀಲ್ಡು, ನಾಲ್ಕನೆಯವರಿಗೆ ಚಪ್ಪಾಳೆ. ಮೂರನೆಯವರಿಗಿಂತ ಎರಡೇ ಅಂಕ ಕಡಿಮೆ. ಆ ಮೊದಲ ಗುಂಡೊಂದು ನೆಟ್ಟಗೆ ಬಿದ್ದಿದ್ದರೆ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ, ಚಾಪೆ ದೂರ ಎಳೆದುಕೊಂಡಿದ್ದವರು ಬಂದು ಅತ್ತೆಗೆ ಕೈಮುಗಿದು, ಕೊನೆಯಲ್ಲಿ ಅಷ್ಟು ಹೊತ್ತು ಕಾಯುವ ಧೈರ್ಯ ಹೇಗೆ ಬಂತು ಎಂದು ಕೇಳಿದರು. ಅತ್ತೆ, "ಗಾಳಿ ಬರೋಗಂಟ ಕಾದಿದೀನಪ್ಪ ಇಷ್ಟು ವರ್ಷ, ನಿಲ್ಲೋಗಂಟ ಕಾಯೋದು ಏನ್ ದೊಡ್ಡದು?" ಎಂದರು. ಹವಾಲ್ದಾರರು ಸಂಘಟಕರನ್ನು ಕಾಡಿ ಬೇಡಿ ನಮ್ಮ ಗುರಿಯ ಹಾಳೆಯನ್ನು ಬಿಡಿಸಿ ತಂದು ಕೊಟ್ಟರು. ಒಂದು ಮೀಟರ್ ಅಗಲದ ಹಾಳೆ ಅದು, ಎಷ್ಟು ಸುತ್ತಿದರೂ ಕಂಕುಳಲ್ಲಿ ನಿಲ್ಲದು.

ತರೀಕೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಅತ್ತೆ ಒಂದೇ ಸಮನೆ ಮೂರು ಕಾಫಿ ಕುಡಿದರು. ಮೆಣಸಿನಕಾಯಿ ಬಜ್ಜಿಯ ತಟ್ಟೆ ಪಕ್ಕಕ್ಕೆ ಸರಿಸಿ ಹಾಳೆಯನ್ನು ಮೇಜಿನ ಮೇಲೆ ಹರಡಿದರು; ಹಾಳೆ ಪಕ್ಕದ ಮೇಜನ್ನೂ ಮುಚ್ಚಿತು. ಅಲ್ಲಿ ಕೂತು ತಿನ್ನುತ್ತಿದ್ದವರು ತಮ್ಮ ಇಡ್ಲಿಯನ್ನು ಕೈಗೆತ್ತಿಕೊಂಡು ನೋಡಿದರು.

"ಯಾರಮ್ಮಾ ಹೊಡ್ದಿದ್ದು ಇದು?" ಎಂದು ಗಲ್ಲಾದಲ್ಲಿದ್ದವರು ಎದ್ದು ಬಂದರು.

"ಗುಂಡು ಇವ್ಳದು, ಗಾಳಿ ನಂದು" ಎಂದರು ಅತ್ತೆ. ಅಷ್ಟಕ್ಕೇ ನಿಲ್ಲಿಸದೆ, ಹೇಗೆ ಮಲಗಬೇಕೆಂದು ತೋರಿಸಲು ಹೋಟೆಲಿನ ಬೆಂಚಿನ ಮೇಲೆ ಬೋರಲು ಮಲಗಿಯೇಬಿಟ್ಟರು. ಕೈಯಲ್ಲಿದ್ದ ಬಜ್ಜಿಯೇ ರೈಫಲ್ಲು. ಎಲ್ಲರೂ ಸುತ್ತ ನಿಂತು ಗಂಭೀರವಾಗಿ ನೋಡಿದರು. ಕಡೂರಿನ ಬಸ್ಸು ಹೊರಟು ಹಾರ್ನ್ ಹೊಡೆದಾಗ ನಾವು ಹಾಳೆಯನ್ನು ಧ್ವಜದಂತೆ ಹಿಡಿದುಕೊಂಡು ಓಡಿದೆವು. ಕಂಡಕ್ಟರು ಅದಕ್ಕೆ ಲಗೇಜು ಹಾಕಲೋ ಬೇಡವೋ ಎಂದು ಯೋಚಿಸಿ, ತೂತು ಎಣಿಸಿ, ಬಿಟ್ಟರು.

ಕಡೂರಿನ ಅಂಗಡಿಯಲ್ಲಿ ನಮ್ಮ ಮನೆಯವರು ತಾಮ್ರದ ತಂತಿ ಸುತ್ತುತ್ತಿದ್ದವರು ನಮ್ಮನ್ನು ಕಂಡು ಎದ್ದು ನಿಂತರು. ಮೋಟರ್ ರಿಪೇರಿಗೆ ಬಂದಿದ್ದ ನಾಲ್ಕೈದು ರೈತರೂ ತಿರುಗಿ ನೋಡಿದರು.

"ಏನಾಯ್ತಮ್ಮಾ?"

"ನಾಲ್ಕನೇದು!" ಎಂದು ಅತ್ತೆ ಕೂಗಿದ ರೀತಿ ಹೇಗಿತ್ತೆಂದರೆ, ಅಂಗಡಿಯಲ್ಲಿದ್ದವರೆಲ್ಲ ನಾವು ಗೆದ್ದೇ ಬಂದೆವೆಂದುಕೊಂಡು ಒಬ್ಬೊಬ್ಬರಾಗಿ ಕೈಕುಲುಕಿದರು. ಒಬ್ಬರು ಎದುರಿನ ಬೇಕರಿಗೆ ಹೋಗಿ ಅರ್ಧ ಕೇಜಿ ಜಿಲೇಬಿ ತಂದರು. ನಾವು ಯಾರನ್ನೂ ತಿದ್ದಲಿಲ್ಲ. ಜಿಲೇಬಿ ಬಿಸಿಯಾಗಿತ್ತು, ನನ್ನ ಬಲಭುಜ ಮೇಲಕ್ಕೆ ಏಳುತ್ತಿರಲಿಲ್ಲ, ಎಡಗೈಯಲ್ಲೇ ತಿಂದೆ.